ಏಳು ಮನೆಯ ಬುತ್ತಿ

ಕಟ್ಟಿದವರು ಏಳು ಮನೆಯವರು. ಉಂಡವನು ಒಬ್ಬ. ಉಪವಾಸ ಬಿದ್ದದ್ದು ಒಂದು ಊರು. ಏನದು?

ಯೋಚನೆ ಮಾಡಿ, ಅವಸರವಿಲ್ಲ. ಹೇಳಿದರೆ ನನ್ನ ಪಾಲಿನ ಬೆಲ್ಲ ನಿಮಗೆ. ಹೇಳಲಾರಿರಿ ಅಂತ ಗೊತ್ತಿದ್ದೇ ಬೆಲ್ಲ ಪಣಕ್ಕಿಟ್ಟಿದ್ದೇನೆ.

ಈಗ ಕಥೆ.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಆಶ್ರಮದಲ್ಲಿ ಓದಿತ್ತು, ಧ್ಯಾನವಿತ್ತು, ಬೈಗುಳವೂ ಇತ್ತು. ಒಲೆ ಮಾತ್ರ ಇರಲಿಲ್ಲ.

ಶಿಷ್ಯರ ಊಟ ಊರಿನ ಮನೆಗಳಲ್ಲಿ. ಒಬ್ಬೊಬ್ಬನಿಗೆ ಏಳು ಮನೆ, ವಾರದ ಏಳು ದಿನಕ್ಕೆ. ಯಾವ ದಿನ ಯಾರ ಮನೆಯೋ ಆ ದಿನ ಅವರ 'ವಾರ'.

ಅದಕ್ಕೊಂದು ಕಟ್ಟುಪಾಡು. ಶಿಷ್ಯ ಅಂಗಳದಲ್ಲಿ ನಿಂತು "ಯವ್ವಾ, ಬಂದೀನಿ" ಅನ್ನಬೇಕು. ಅಷ್ಟೇ. ಹಸಿವು ಅನ್ನುವಂತಿಲ್ಲ, ನೀಡು ಅನ್ನುವಂತಿಲ್ಲ. ಸಾರು ಸಪ್ಪಗಿದೆ ಅಂತ ಸತ್ತರೂ ಅನ್ನುವಂತಿಲ್ಲ.

ಕಲ್ಮೇಶಿ ಎಂಬ ಶಿಷ್ಯ ಹೀಗೆ ಬೆಳೆದವನು. ತಂದೆ ತಾಯಿ ಇಲ್ಲ. ಚಿಕ್ಕವನಿದ್ದಾಗ ಬಂದವನು ಏಳು ಮನೆಯ ರೊಟ್ಟಿ ತಿಂದು ಮೀಸೆ ಚಿಗುರುವಷ್ಟಾದ. ಸೋಮವಾರದ ನೀಲವ್ವ ಅವನ ಅಂಗಿಗೆ ಗುಂಡಿ ಹಚ್ಚಿಕೊಡುತ್ತಿದ್ದಳು. ಗುರುವಾರದ ಅಂಬಿಗರ ದ್ಯಾಮಣ್ಣ ಈಜು ಕಲಿಸಿದ್ದ. ಉಳಿದ ಐದು ಮನೆಯವರು ತಮ್ಮ ತಮ್ಮ ಪಾಲಿನ ಬುದ್ಧಿ ಹೇಳಿದ್ದರು. ಅದನ್ನು ಅವನು ಮರೆತಿದ್ದ.

ಒಂದು ದಿನ ಆಚೆ ದಂಡೆಯ ಊರಿನ ಹಿರಿಯ ಸೋಮನಿಂಗಪ್ಪ ಬಂದ. ತಮ್ಮೂರ ಸಾಲಿಗೆ ಮಾಸ್ತರ ಬೇಕು ಅಂದ. ಬಂದ ಇಬ್ಬರು ಓಡಿಹೋಗಿದ್ದಾರೆ, ಮೂರನೆಯವನನ್ನು ಅಮಾವಾಸ್ಯೆತನಕ ನೋಡುತ್ತೇವೆ. ಅವನೂ ಊರಿಗೆ ಹೊಂದಲಿಲ್ಲವೆಂದರೆ ಸಾಲಿಗೆ ಕೀಲಿ ಹಾಕಿ ಹುಡುಗರನ್ನು ಆಡು ಕಾಯಲು ಅಟ್ಟುತ್ತೇವೆ ಅಂದ.

ಅಜ್ಜಾರು ಕಲ್ಮೇಶಿಯ ಕಡೆ ನೋಡಿದರು. ಕಲ್ಮೇಶಿ ತನ್ನ ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡಿದ. ಗೋಡೆ ಇತ್ತು.

"ನಾನೇನ್ರೀ?"

"ಗ್ವಾಡಿ ಕಳಸಾಕ ಬರೂದಿಲ್ಲಪ್ಪಾ."

ಕಲ್ಮೇಶಿ ಒಂದೊಂದೇ ತಕರಾರು ತೆಗೆದ. ಹುಡುಗರು ಮಾತು ಕೇಳದಿದ್ದರೆ ಅಂದ. ತನಗೇ ಲೆಕ್ಕ ತಪ್ಪಿದರೆ ಅಂದ. ಜ್ವರ ಬಂದರೆ, ಹಾವು ಬಂದರೆ, ಸಾಹೇಬರು ಬಂದರೆ ಅಂದ. ಎಲ್ಲಕ್ಕೂ ಅಜ್ಜಾರು "ಹೂಂ" ಅಂದರು. ಕಡೆಗೆ ಅವನು ತನ್ನ ನಿಜವಾದ ಚಿಂತೆಗೆ ಬಂದ.

"ಅಜ್ಜಾರ, ಅಲ್ಲಿ ನನ್ನ ವಾರ ಯಾರ ಮನ್ಯಾಗ?"

"ಕೇಳಿ ತಿಳಕೋ."

ಯಾರನ್ನು ಕೇಳಬೇಕು ಅಂತ ಅಜ್ಜಾರು ಹೇಳಲಿಲ್ಲ. ಕೇಳಿ ಅಭ್ಯಾಸವಿಲ್ಲದ ಹುಡುಗ, ಯಾರನ್ನು ಅಂತಲೂ ಕೇಳಲಿಲ್ಲ.

ಏಳು ಮನೆಗೂ ಸುದ್ದಿ ಮುಟ್ಟಿತು. ಕಲ್ಮೇಶಿಗೆ ಒಲೆ ಹಚ್ಚಲು ಬಾರದು, ಅಲ್ಲಿ ಗುರುತಿನವರು ಒಬ್ಬರೂ ಇಲ್ಲ. ಏಳೂ ಮನೆಯವರು ಕೂಡಿ ಮಾತಾಡಿ ಒಂದು ದಾರಿ ಮಾಡಿದರು. ಅವರವರ ವಾರದ ದಿನ ಅವರು ಬುತ್ತಿ ಕಟ್ಟುವುದು, ದ್ಯಾಮಣ್ಣ ಅದನ್ನು ಹರಿಗೋಲಿನಲ್ಲಿ ಮುಟ್ಟಿಸುವುದು. ದಂಡೆ ಬದಲಾದರೆ ಹೊಟ್ಟೆ ಬದಲಾಗುತ್ತದೆಯೇ ಅಂದಳು ನೀಲವ್ವ. ಅಜ್ಜಾರು ಆ ಮಾತಿಗೆ ಮಾತ್ರ "ಹೂಂ" ಅನ್ನಲಿಲ್ಲ. ಯಾರೂ ಅದನ್ನು ಗಮನಿಸಲಿಲ್ಲ.

ಬುತ್ತಿ ಹೋಗತೊಡಗಿತು.

ಕಲ್ಮೇಶಿ ಪಾಠವನ್ನೇನೋ ಚೆನ್ನಾಗಿಯೇ ಮಾಡುತ್ತಿದ್ದ. ಆದರೆ ಹೊತ್ತು ನೆತ್ತಿಗೇರುವ ಮೊದಲೇ ಅವನ ಕಣ್ಣು ಹೊಳೆಯ ಕಡೆ ಹೋಗುತ್ತಿತ್ತು. ಹರಿಗೋಲು ಹೊರಟಿತೇ, ಗಾಳಿಗೆ ತಿರುಗಿತೇ, ಇವತ್ತು ಬರುವುದೇ ಇಲ್ಲವೇ. ಮಗ್ಗಿ ಹೇಳಿಸುತ್ತಾ ಹೇಳಿಸುತ್ತಾ ದಂಡೆಗೆ ಇಳಿದುಬಿಡುತ್ತಿದ್ದ. ಏಳೆಂಟಲಿ ಎಷ್ಟು ಅಂತ ಆ ಊರಿನ ಹುಡುಗರಿಗೆ ಗೊತ್ತಾಗಲೇ ಇಲ್ಲ. ಅವನು ತಿರುಗಿ ಬರುವಷ್ಟರಲ್ಲಿ ಇಡೀ ಸಾಲಿ ಹುಣಸೆ ಮರದ ಮೇಲಿರುತ್ತಿತ್ತು.

ಊರಿನವರು ಇದನ್ನೆಲ್ಲ ನೋಡಿದರು. ಮಾಸ್ತರ ತಮ್ಮ ಅಂಗಳಕ್ಕೆ ಕಾಲಿಡುವುದಿಲ್ಲ, ತಮ್ಮ ಮನೆಯ ನೀರು ಮುಟ್ಟುವುದಿಲ್ಲ. ದಿನವೂ ಆ ದಂಡೆಯಿಂದ ಗಂಟು ಬರುತ್ತದೆ. ಸೋಮನಿಂಗಪ್ಪನ ಹೆಂಡತಿ ಸಾವಂತ್ರೆವ್ವ ಮೊದಲ ದಿನ ಮಾಸ್ತರನಿಗೆಂದು ಒಂದು ರೊಟ್ಟಿ ಹೆಚ್ಚಿಗೆ ಬಡಿದಿದ್ದಳು. ಸಂಜೆ ಅದನ್ನು ಎಮ್ಮೆಗೆ ಹಾಕಿದಳು. ಮರುದಿನ ಪಕ್ಕದ ಮನೆಯಲ್ಲೂ ಹಾಗೇ ಆಯಿತು, ಅದರ ಮರುದಿನ ಎದುರಿನ ಮನೆಯಲ್ಲಿ. ನೀಡಲು ಎತ್ತಿದ ಕೈಗಳೆಲ್ಲ ಹಾಗೇ ಉಪವಾಸ ಇಳಿದವು. ಎಮ್ಮೆಗಳು ಮಾತ್ರ ದಪ್ಪಗಾದವು.

ನಮ್ಮ ರೊಟ್ಟಿ ಈ ಮಾಸ್ತರನ ಹಲ್ಲಿಗೆ ಹಿಡಿಸುವುದಿಲ್ಲ ಅಂತ ಕಟ್ಟೆಯ ಮೇಲೆ ಮಾತಾಯಿತು. ಸೋಮನಿಂಗಪ್ಪ ಅಮಾವಾಸ್ಯೆ ಬರಲಿ ಅಂದ. ಹಳೆಯ ಕೀಲಿಗೆ ಎಣ್ಣೆ ಬಿಟ್ಟಿಟ್ಟ.

ಈ ಸುದ್ದಿ ದ್ಯಾಮಣ್ಣನ ಹರಿಗೋಲಿನಲ್ಲೇ ಈಚೆ ದಂಡೆಗೆ ಬಂತು. ನೀಲವ್ವ ಹೆದರಿದಳು. ಅವಳಿಗೆ ಗೊತ್ತಿದ್ದ ಔಷಧ ಒಂದೇ. ಬುತ್ತಿಗೆ ಹೋಳಿಗೆ ಸೇರಿತು.

ಆ ಬುತ್ತಿಯ ಜೊತೆ ಅಜ್ಜಾರೂ ಹರಿಗೋಲು ಹತ್ತಿದರು.

ಕಲ್ಮೇಶಿ ಆಚೆ ದಂಡೆಯಲ್ಲೇ ನಿಂತಿದ್ದ. ಗುರುಗಳನ್ನು ಕಂಡು ಕಾಲಿಗೆ ಬಿದ್ದ. ಎದ್ದವನೇ ಚಿಂತೆಯನ್ನೆಲ್ಲ ಸುರಿದ. ಊರಿನವರು ಮುಖ ಕೊಟ್ಟು ಮಾತಾಡುವುದಿಲ್ಲ, ಯಾಕಂತ ತಿಳಿಯುವುದಿಲ್ಲ, ಅಮಾವಾಸ್ಯೆ ಹತ್ತಿರ ಬಂತು, ಕಣ್ಣು ಮುಚ್ಚಿದರೆ ಕೀಲಿ ಹಾಕಿದ ಬಾಗಿಲೇ ಕಾಣುತ್ತದೆ.

ಅಜ್ಜಾರು ಕೇಳುತ್ತಾ ಕೇಳುತ್ತಾ ಗಂಟು ಬಿಚ್ಚಿದರು. ಕೇಳುತ್ತಾ ಕೇಳುತ್ತಾ ಉಂಡರು. ರೊಟ್ಟಿ ಉಂಡರು, ಪಲ್ಯ ಉಂಡರು, ಹೋಳಿಗೆ ಉಂಡರು. ಬಟ್ಟೆಗೆ ಅಂಟಿದ್ದ ಹೂರಣವನ್ನೂ ಬಿಡಲಿಲ್ಲ. ಕಲ್ಮೇಶಿಯ ಮಾತು ಮುಗಿಯಿತು. ಬುತ್ತಿಯೂ ಮುಗಿಯಿತು.

"ಅಜ್ಜಾರ, ಅದು ನನ್ನ ಊಟ."

"ಹೌದ? ಯಾರಂದ್ರು?"

"ಇವತ್ತ ಸೋಮವಾರ. ನೀಲವ್ವನ ವಾರ."

"ನೀಲವ್ವ ಆ ದಂಡ್ಯಾಗ ಅದಾಳ. ಆ ಸೋಮವಾರನೂ ಆ ದಂಡ್ಯಾಗ ಐತಿ. ಇಲ್ಲಿ ಇವತ್ತ ಯಾರ ವಾರ, ಹೋಗಿ ಕೇಳು."

ಅವನು ಹೋಗಲಿಲ್ಲ. ನೀರು ಕುಡಿದು ಮಲಗಿದ.

ಮರುದಿನವೂ ಅಜ್ಜಾರು ಬಂದರು, ಉಂಡರು. ತೇಗಿದರು ಕೂಡ.

ಈಚೆ ದಂಡೆಗೆ ತಿರುಗಿ ಬಂದರೆ ನೀಲವ್ವ ದಾರಿಗೆ ಅಡ್ಡ ನಿಂತಿದ್ದಳು. ದ್ಯಾಮಣ್ಣ ಎಲ್ಲ ಹೇಳಿಬಿಟ್ಟಿದ್ದ. ಊರಿನಲ್ಲಿ ಅಜ್ಜಾರನ್ನು ಬೈದವರಿಲ್ಲ. ಆ ದಿನ ಆ ಕೊರತೆ ನೀಗಿತು.

"ತಾಯಿಲ್ಲದ ಹುಡುಗನ ಬುತ್ತಿ ಕಸಗೊಂಡ ತಿಂತೀರಲ್ಲ, ಅದು ನಿಮ್ಮ ಗಂಟಲಾಗ ಹೆಂಗರ ಇಳಿತೈತ್ರೀ?"

"ಇಳಿಯೂದಿಲ್ಲವ್ವಾ," ಅಂದರು ಅಜ್ಜಾರು. "ನೂಕತೇನಿ."

ಅದೇ ಸಂಜೆ ಆಚೆ ದಂಡೆಯಲ್ಲಿ ಕಲ್ಮೇಶಿ ಎದ್ದು ಊರೊಳಗೆ ನಡೆದ. ಕಾಲು ನಡೆಯಿತು, ನಾಲಿಗೆ ಏಳಲಿಲ್ಲ. ನಾಯಿ ಬೊಗಳಿದ ಮನೆಗಳನ್ನು ಬಿಟ್ಟ. ಬೊಗಳದ ಮನೆಗಳನ್ನೂ ಬಿಟ್ಟ. ಬೀದಿ ಮುಗಿಯಿತು. ಕಡೆಯ ಮನೆ ಸೋಮನಿಂಗಪ್ಪನದು, ಕೀಲಿಗೆ ಎಣ್ಣೆ ಬಿಟ್ಟವನದು. ಅದರ ಮುಂದೆ ಬರೀ ಹೊಲ.

ಅಂಗಳದಲ್ಲಿ ನಿಂತ.

"ಯವ್ವಾ, ಬಂದೀನಿ."

ಒಳಗಿನಿಂದ ಸಾವಂತ್ರೆವ್ವನ ದನಿ ಬಂತು. "ಬಂದ್ರ ಬರ್ರಿ ಮಾಸ್ತರ್ರ. ಏನಾಗಬೇಕಿತ್ತು?"

ಇದರ ಮುಂದಿನ ಮಾತನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಏಳು ಮನೆಯಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಓಡಬಹುದಿತ್ತು. ಮೊದಲಿನ ಇಬ್ಬರು ಮಾಸ್ತರರು ಓಡಿದ ದಾರಿ ಅಲ್ಲೇ ಕಾಣುತ್ತಿತ್ತು.

"ಹಸಿವಾಗೇತಿ," ಅಂದ.

ಸಾವಂತ್ರೆವ್ವ ಹೊರಗೆ ಬಂದು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟ ದಿನ ಹೊಟ್ಟಿ ಎಲ್ಲಿ ಇಟ್ಟ ಬಂದಿದ್ದಿ? ಬಾ, ಕೈಕಾಲ ತೊಳಿ."

'ಬರ್ರಿ' ಹೋಗಿ 'ಬಾ' ಆಗಿತ್ತು.

ಉಣ್ಣಿಸಿದಳು. ಉಂಡ ಮೇಲೆ ಜೋಳದ ಹಿಟ್ಟು ಕಟ್ಟಿ ಅವನ ಕೈಗಿಟ್ಟಳು. ನಾಳೆ ಬೆಳಿಗ್ಗೆ ಬಾ, ರೊಟ್ಟಿ ಬಡಿಯುವುದನ್ನು ತೋರಿಸುತ್ತೇನೆ, ಹಬ್ಬ ಹುಣ್ಣಿಮೆಗೆ ನಮ್ಮಲ್ಲಿ ಉಣ್ಣು, ಉಳಿದ ದಿನ ನಿನ್ನ ಒಲೆ ನಿನಗೆ ಅಂದಳು. ಒಳಗೆ ಸೋಮನಿಂಗಪ್ಪ ಕೆಮ್ಮಿದ. ಅದು ಒಳ್ಳೆಯ ಕೆಮ್ಮೋ ಕೆಟ್ಟ ಕೆಮ್ಮೋ ಕಲ್ಮೇಶಿಗೆ ತಿಳಿಯಲಿಲ್ಲ. ದಾರಿಯುದ್ದಕ್ಕೂ ಅದೇ ಯೋಚನೆ.

ಮರುದಿನ ಅಜ್ಜಾರು ಬಂದಾಗ ಅವನ ಎರಡು ಬೆರಳು ಸುಟ್ಟಿದ್ದವು. ಮೊದಲ ರೊಟ್ಟಿಯನ್ನು ಎಮ್ಮೆ ಮೂಸಿ ಬಿಟ್ಟಿತ್ತು. ಎರಡನೆಯದನ್ನು ಸಾಲಿಯ ಹುಡುಗರು ಗೋಡೆಗೆ ತೂಗುಹಾಕಿ, ಇದು ಯಾವ ದೇಶದ ನಕಾಶೆ ಹೇಳ್ರಿ ಸರ ಅಂತ ಕೇಳುತ್ತಿದ್ದರು. ಆ ದಿನ ಒಬ್ಬನೂ ಹುಣಸೆ ಮರ ಹತ್ತಿರಲಿಲ್ಲ.

ಕಲ್ಮೇಶಿ ತಲೆ ತಗ್ಗಿಸಿದ.

"ಅಜ್ಜಾರ, ತಪ್ಪಾತು. ಕಟ್ಟುಪಾಡು ಮುರದೆ. ಬೇಡಿದೆ."

"ಏನಂತ ಬೇಡಿದಿ?"

"ಹಸಿವಾಗೇತಿ ಅಂದೆ."

"ಅದು ಬೇಡೂದಲ್ಲ. ಸುದ್ದಿ ಹೇಳೂದು."

ಆ ದಿನ ಅಜ್ಜಾರು ಗಂಟು ಬಿಚ್ಚಲಿಲ್ಲ. ಹಾಗೇ ಒಯ್ದು ಸಾವಂತ್ರೆವ್ವನ ಕಟ್ಟೆಯ ಮೇಲೆ ಇಟ್ಟರು. ಆ ದಂಡೆಯ ಅಕ್ಕತಂಗಿಯರು ನಿನಗೆ ಕಳಿಸಿದ್ದಾರೆ ಅಂದರು. ಅವಳು ಬರಿ ಬಟ್ಟೆ ತಿರುಗಿ ಕೊಡಲಿಲ್ಲ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ಹರಿಗೋಲು ಹತ್ತುವಾಗ ಕಲ್ಮೇಶಿ ಅಂಚು ಹಿಡಿದುಕೊಂಡ.

"ಇನ್ನ ಬುತ್ತಿ ಬರೂದಿಲ್ಲೇನ್ರೀ?"

"ಬರತೈತಿ. ಹಬ್ಬಕ್ಕ."

"ನನ್ನ ಕೈಲೆ ಆಗಲಿಲ್ಲಂದ್ರ?"

"ಕೂಗು. ಆ ದಂಡ್ಯಾಗಿನವರಿಗೂ ಕಿವಿ ಅದಾವು."

ಅವನು ಅಂಚು ಬಿಟ್ಟ.

ಬೆಳಗಾಗುವಷ್ಟರಲ್ಲಿ ಹೊಳೆ ಬಂದಿತ್ತು. ಮೇಲಿನ ಸೀಮೆಯಲ್ಲಿ ಎಲ್ಲೋ ಮಳೆ. ಕೆಂಪು ನೀರು, ಬೇರು ಸಮೇತ ಮರಗಳು. ಹರಿಗೋಲು ನಿಂತಿತು. ನೀರು ಇಳಿಯಲಿಲ್ಲ. ಅಮಾವಾಸ್ಯೆ ಬಂದೇ ಬಿಟ್ಟಿತು.

ಹುಡುಗ ಉಂಡನೋ, ಹಿಟ್ಟಿನ ಮುಂದೆ ಅಳುತ್ತಾ ಕೂತನೋ. ಸೋಮನಿಂಗಪ್ಪ ಕೀಲಿ ಹಾಕಿದನೋ. ಹಾಕಿದ್ದರೆ ಹುಡುಗ ಊರು ಬಿಟ್ಟನೋ, ಬಿಟ್ಟವನು ಈಚೆಗೆ ಬರಲೆಂದು ಹೊಳೆಗೆ ಇಳಿದನೋ. ಕಡೆಯ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಎಲ್ಲರೂ ಅದನ್ನೇ ನೆನೆಯುತ್ತಿದ್ದರು. ಅವನಿಗೆ ಈಜು ಬರುತ್ತಿತ್ತಲ್ಲ, ಅದೇ ಭಯ. ಕಲಿಸಿದ ದ್ಯಾಮಣ್ಣ ಕಣ್ಣು ಕೀಳದೆ ಹೊಳೆಯನ್ನೇ ನೋಡುತ್ತಿದ್ದ.

ಏಳೂ ಮನೆಯವರು ದಂಡೆಗೆ ಬಂದರು. ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಏಳೂ ಮನೆಯವರು ಅದೇ ದಿನ ಬುತ್ತಿ ಕಟ್ಟಿದ್ದರು. ನೀಲವ್ವ ದ್ಯಾಮಣ್ಣನಿಗೆ ಹುಟ್ಟು ಹಿಡಿ ಅಂದಳು. ದ್ಯಾಮಣ್ಣ ಹೊಳೆಯನ್ನು ನೋಡಿದ, ನೀಲವ್ವನನ್ನು ನೋಡಿದ. ಹೊಳೆಯೇ ವಾಸಿ ಅನ್ನಿಸಿರಬೇಕು, ಹಗ್ಗ ಬಿಚ್ಚಲು ಹೋದ.

ಅಜ್ಜಾರು ಬಂದು ಹರಿಗೋಲನ್ನು ಬೋರಲು ಹಾಕಿದರು. ಅದರ ಬೆನ್ನ ಮೇಲೆ ಹತ್ತಿ ಕೂತರು.

"ಇಳೀರಿ ಅಜ್ಜಾರ."

ಇಳಿಯಲಿಲ್ಲ.

"ಕೂಸಿಗೆ ಏನರ ಆದ್ರ?"

"ಕೂಗತಾನ."

"ಕೂಗಿದ್ದು ನಮಗ ಕೇಳಲಿಲ್ಲಂದ್ರ?"

ಹೊಳೆಯ ಸದ್ದು ಅಷ್ಟಿತ್ತು. ನೀಲವ್ವ ಈ ಮಾತನ್ನೂ ಎರಡು ಸಲ ಹೇಳಬೇಕಾಯಿತು.

ಅಜ್ಜಾರು ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಯಾರೋ ಒಂದು ಗಂಟು ಬಿಚ್ಚಿ ಅವರ ಮುಂದಿಟ್ಟರು. ಅವರು ಅದನ್ನು ನೋಡಲೂ ಇಲ್ಲ.

ಸಂಜೆಯಾಯಿತು. ಆಚೆ ದಂಡೆಯ ಮನೆಗಳ ಮೇಲೆ ಹೊಗೆ ಏಳತೊಡಗಿತು. ಮೊದಲು ಒಂದು, ಆಮೇಲೆ ಇನ್ನೊಂದು, ಆಮೇಲೆ ಎಲ್ಲ ಕಲೆತು ಊರಿನ ಮೇಲೆ ಒಂದೇ ಹೊದಿಕೆಯ ಹಾಗೆ ನಿಂತಿತು. ನೀಲವ್ವ ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಅದರಾಗ ನಮ್ಮ ಕಲ್ಮೇಶಿದು ಯಾವುದ್ರೀ ಅಜ್ಜಾರ?"

ಅಜ್ಜಾರು ಬಹಳ ಹೊತ್ತು ನೋಡಿದರು. ಮೆಲ್ಲಗೆ ಹರಿಗೋಲಿನಿಂದ ಇಳಿದರು.

"ಗುರ್ತ ಸಿಗವಲ್ದವ್ವಾ. ನಡಿ, ಮನಿಗೆ ಹೋಗೂಣು."

ಈ ಹೊಗೆ ಕಥೆಗೆ ನಾನು ಸೇರಿಸಿದ್ದು. ಆ ಸಂಜೆ ಈಚೆಗೂ ಮಳೆ ಹಿಡಿದು ಆಚೆ ದಂಡೆ ಕಾಣಲೇ ಇಲ್ಲವಂತೆ, ಅಜ್ಜಾರು ಹರಿಗೋಲಿನ ಮೇಲೆ ಕೂತೇ ಇದ್ದರಂತೆ. ನನಗೆ ಹೇಳಿದವರು ಅಲ್ಲಿಗೆ ನಿಲ್ಲಿಸಿದರು. ಏಳು ಮನೆಯವರನ್ನು ಮಳೆಯಲ್ಲಿ ಹಾಗೇ ನಿಲ್ಲಿಸಿ ಎದ್ದು ಹೋಗಲು ನನಗೆ ಆಗಲಿಲ್ಲ.