ಯಾರ ಗೇಣು?

"ಗುರುಗಳೇ, ಎರಡು ಊರಿಗೆ ಒಂದೇ ಹೊಳೆ. ನೀರಿನ ಕರಾರು ಬರೆದುಕೊಡು ಅಂತ ನನಗೆ ಒಪ್ಪಿಸಿದ್ದಾರೆ. ಇಪ್ಪತ್ತು ವರ್ಷದ ನೀರು ನೋಡಿ ಪಾಲು ಗೊತ್ತುಮಾಡಿದ್ದೇನೆ. ಇನ್ನೇನು ಬೇಕು?" ಎಂದು ಶಿಷ್ಯ ಶಿವನಂಜ ಕೇಳಿದ.

ಗುರುಗಳು ನಕ್ಕು, "ಕೂತುಕೋ, ಹೇಳುತ್ತೇನೆ" ಎಂದರು.

ಒಂದು ಹೊಳೆಯ ಕಟ್ಟೆಗೆ ಮುದ್ದಯ್ಯ ಎಂಬ ನೀರುಗಂಟಿ ಇದ್ದ. ತೂಬು ತೆಗೆಯುವವನೂ ಅವನೇ, ಮುಚ್ಚುವವನೂ ಅವನೇ. ಬಿದಿರ ಗಳವನ್ನು ನೀರಿಗೆ ಇಳಿಸುತ್ತಿದ್ದ. ನೆನೆದಷ್ಟನ್ನು ಗೇಣು ಹಾಕಿ ಅಳೆಯುತ್ತಿದ್ದ. ಮಳೆ ಚೆನ್ನಾಗಿ ಹಿಡಿದ ಒಂದು ವರ್ಷ ನೀರು ಹನ್ನೆರಡು ಗೇಣು ನಿಂತಿತು. ಮೇಲೂರ ಗೌಡನೂ ಕೆಳಗಿನೂರ ಗೌಡನೂ ಕೂತು ಕರಾರು ಮಾಡಿಕೊಂಡರು: ಮೊದಲ ಆರು ಗೇಣು ಮೇಲೂರಿಗೆ, ಉಳಿದದ್ದು ಕೆಳಗಿನೂರಿಗೆ.

"ನೀರು ಕಡಿಮೆ ಬಂದರೆ?" ಎಂದು ಮುದ್ದಯ್ಯ ಕೇಳಿದ.

"ಬಿಡ್ತು ಅನ್ನು!" ಎಂದು ಇಬ್ಬರೂ ಗದರಿದರು. ಅದೇ ಖುಷಿಯಲ್ಲಿ ಮೇಲೂರ ಗೌಡನ ಮಗಳನ್ನು ಕೆಳಗಿನೂರ ಗೌಡನ ಮಗನಿಗೆ ಕೊಟ್ಟು ಬೀಗರೂ ಆದರು.

ಎಂಟೊಂಬತ್ತು ವರ್ಷ ಕಳೆಯಿತು. ಮಳೆಯ ವರಸೆ ಬದಲಾಯಿತು. ಆ ಸಲ ನಿಂತದ್ದು ಎಂಟೇ ಗೇಣು. ಮೇಲೂರಿನವರು ಆರು ತೆಗೆದರೆ ಉಳಿಯುವುದು ಎರಡು. ಕೆಳಗಿನೂರ ಪೈರು ಅಷ್ಟರಲ್ಲಿ ಬದುಕುವ ಮಾತೇ ಇಲ್ಲ.

"ಕರಾರು ಅಂದ್ರೆ ಕರಾರು ಬೀಗರೇ. ಒಂದು ಬೆರಳು ಹೆಚ್ಚು ಕೇಳಿದ್ದೀನಾ?" ಎಂದ ಮೇಲೂರ ಗೌಡ.

"ಇಲ್ಲಪ್ಪ, ಎಲ್ಲಾದರೂ ಉಂಟೇ! ಮಗಳನ್ನ ಕೊಟ್ರಿ, ಅವಳು ಉಣ್ಣೋ ಅನ್ನ ಕಿತ್ಕೊಂಡ್ರಿ!" ಎಂದ ಕೆಳಗಿನೂರ ಗೌಡ.

ಮುದ್ದಯ್ಯನಿಗೆ ಇಬ್ಬರೂ ಬೇಕು. ಗಳವನ್ನು ನೀರಿಗೆ ಇಳಿಸಿ ಮೇಲೆತ್ತಿದ. ಆಮೇಲೆ ಇಬ್ಬರಿಗೂ ಮೊಮ್ಮಗಳಾದ ಚಿಕ್ಕತಾಯಿಯನ್ನು ಕರೆದ. "ಅವ್ವಾ, ಇವತ್ತು ನೀನು ಅಳೆ" ಎಂದು ನೆನೆದ ಗಳ ಅವಳ ಮುಂದಿಟ್ಟ.

ಹುಡುಗಿ ಗೇಣು ಹಾಕುತ್ತಾ ಹೋದಳು. "ಹನ್ನೆರಡು!" ಎಂದಳು.

"ಇದ್ಯಾವ ಲೆಕ್ಕವೋ ಮುದ್ದಯ್ಯ?" ಎಂದ ಮೇಲೂರ ಗೌಡ.

"ಕರಾರಲ್ಲಿ ಗೇಣು ಅಂತಿದೆ ಗೌಡ್ರೇ. ಯಾರ ಕೈದು ಅಂತ ಇಲ್ಲ."

ಮೇಲೂರ ಗೌಡ ಮೊಮ್ಮಗಳ ಒದ್ದೆ ಕೈಯನ್ನು ತನ್ನ ಅಂಗೈಯ ಮೇಲಿಟ್ಟು ನೋಡಿದ. ತನ್ನದರ ಮೂರರಲ್ಲಿ ಎರಡು ಪಾಲು, ಅಷ್ಟೇ.

"ಇವಳ ಆರು ಗೇಣಿಗೆ ನಮ್ಮ ತೂಬು ಮುಚ್ಚು, ಉಳಿದ ಆರು ಬೀಗರಿಗೆ" ಎಂದ.

ಕತೆ ಕೇಳಿ ಶಿವನಂಜ ಹಿಗ್ಗಿಹೋದ. "ಹಾಗಾದರೆ ಮಗುವಿನ ಗೇಣು ಎಂದೇ ಬರೆದುಬಿಡಲೇ?"

ಗುರುಗಳು ಅವನ ಬೆನ್ನು ಸವರಿದರು. "ಮಗುವಿನ ಕೈ ಬೆಳೆಯುತ್ತದೆ ಮರಿ, ಹೊಳೆಯೂ ಬೆಳೆಯುತ್ತದೆ ಅಂತ ನಿನಗೆ ಮಾತು ಕೊಟ್ಟವರು ಯಾರು?"

ಶಿವನಂಜ ಬರೆದು ತಂದಿದ್ದ ಹಾಳೆಯನ್ನು ನೋಡಿದ. ನೀರು ಕಡಿಮೆ ಬಂದರೆ ಏನು ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ. ಮೆಲ್ಲಗೆ ಮಡಿಚಿದ.