ಹುಲಿಗೆಮ್ಮನ ಯಂತ್ರ

ತುಂಗಭದ್ರೆಯ ದಂಡೆಯಲ್ಲಿ ಒಂದು ಇಂಜಿನಿಯರಿಂಗ್ ಕಾಲೇಜು. ಅಲ್ಲಿನ ಮೆಕ್ಯಾನಿಕಲ್ ವರ್ಕ್‌ಶಾಪಿನಲ್ಲಿ ಕೊಟ್ರಯ್ಯ ಎಂಬ ಮೇಷ್ಟ್ರಿದ್ದರು.

ಕೊನೆಯ ವರ್ಷದ ಹುಡುಗರಿಗೆ ಅವರದು ಒಂದೇ ಕಟ್ಟಳೆ. ಪ್ರಾಜೆಕ್ಟಿಗೆ ಯಂತ್ರ ಮಾಡುವವನು ಮೊದಲು ಅದನ್ನು ಬಳಸುವವರ ಮನೆಗೆ ಹೋಗಿ ಒಂದು ತಿಂಗಳು ಕೂರಬೇಕು. ಅವರ ಕೆಲಸ ನೋಡಬೇಕು. ಆಮೇಲೆ ಪೆನ್ಸಿಲ್ ಹಿಡಿಯಬೇಕು. ಪರೀಕ್ಷೆ ಮುಗಿದ ಮೇಲೆ ಯಂತ್ರ ಆ ಮನೆಗೇ ಹೋಗಬೇಕು.

ಬೇರೆ ಕಡೆಯ ಹುಡುಗರು ಅಂಗಡಿಯಿಂದ ಸಿದ್ಧ ಪ್ರಾಜೆಕ್ಟು ತಂದು, ಬಣ್ಣ ಬಳಿದು, ತಮ್ಮ ಹೆಸರು ಅಂಟಿಸುತ್ತಿದ್ದ ಕಾಲ ಅದು. ಕೊಟ್ರಯ್ಯನವರ ಶಿಷ್ಯರಿಗೆ ಆ ಸುಖ ಇರಲಿಲ್ಲ.

ಆ ವರ್ಷ ಇಂದುಧರ ಎಂಬ ಶಿಷ್ಯ ಹುಲಿಗೆಮ್ಮನ ಮನೆಗೆ ಹೋಗಿ ಕೂತ. ಊರವರಿಗೆ ಬಿತ್ತನೆಯ ಶೇಂಗಾ ಸುಲಿದುಕೊಡುವುದೇ ಅವಳ ಬದುಕು. ದಿನವಿಡೀ ಕೈಯಲ್ಲೇ ಸುಲಿದು ಬೆರಳ ತುದಿಗಳು ಒಡೆದಿದ್ದವು. ಉಣ್ಣಲು ಕೂತರೆ ಸಾರಿನ ಖಾರ ಆ ಬಿರುಕಿಗೆ ಇಳಿದು ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಅದನ್ನು ನೋಡಿ ಇಂದುಧರನಿಗೆ ನಿಜಕ್ಕೂ ಸಂಕಟವಾಯಿತು.

ಅವನು ಮೋಟಾರಿನಿಂದ ತಿರುಗುವ ಪುಟ್ಟ ಯಂತ್ರ ಮಾಡಿದ. ಮೇಲಿನಿಂದ ಕಾಯಿ ಸುರಿದರೆ ಕೆಳಗೆ ಬೀಜ ಉದುರುತ್ತಿತ್ತು. ಬೆಲ್ಟು ತಿರುಗುವ ಬಲಮಗ್ಗುಲಿಗೆ ತಗಡಿನ ಕವಚ ಹಾಕಿದ್ದ.

ಪರೀಕ್ಷೆಯ ದಿನ ಯಂತ್ರವನ್ನು ಮೇಜಿನ ಮೇಲೆ ಇಟ್ಟರು. ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಕತ್ತು ಉದ್ದ ಮಾಡಿ ನೋಡಿದರು.

"ಏನ್ರೀ ಇದು, ಒಳಗಡೆ ಏನೂ ಕಾಣಿಸೋದೇ ಇಲ್ವಲ್ಲ!"

ಇಂದುಧರ ಗುರುವಿನ ಮುಖ ನೋಡಿದ. ಕೊಟ್ರಯ್ಯ ತಲೆಯಾಡಿಸಿದರು. ಅವನು ನಾಲ್ಕು ಸ್ಕ್ರೂ ಬಿಚ್ಚಿ ಕವಚ ತೆಗೆದ. ಬೆಲ್ಟು ಓಡುವುದನ್ನು ಎಲ್ಲರೂ ಬಗ್ಗಿ ಬಗ್ಗಿ ನೋಡಿ ಶಹಬ್ಬಾಸ್ ಎಂದರು. ನೂರಕ್ಕೆ ತೊಂಬತ್ತಾರು ಅಂಕ ಬಂತು.

ಮರುದಿನ ಯಂತ್ರ ಹುಲಿಗೆಮ್ಮನ ಮನೆ ಸೇರಿತು. ಕವಚ ವರ್ಕ್‌ಶಾಪಿನ ಕಿಟಕಿಯಲ್ಲೇ ಉಳಿಯಿತು. ಚಪ್ಪಾಳೆ ಬಿದ್ದ ಮೇಲೆ ತಗಡಿನ ತುಂಡು ಯಾರ ನೆನಪಿಗೆ ಬರುತ್ತದೆ?

ಒಂಬತ್ತನೆಯ ದಿನ ಹುಲಿಗೆಮ್ಮನ ಬಳೆ ಬೆಲ್ಟಿಗೆ ಸಿಕ್ಕಿತು. ಬಲಗೈಯ ಮೂರು ಬೆರಳು ಹೋದವು.

ಕಾಲೇಜಿನವರು ಯಂತ್ರವನ್ನು ವಾಪಸು ತರಿಸಿದರು. ಒಂದು ಪತ್ರ ಟೈಪಾಯಿತು. 'ಬಳಕೆದಾರರ ಅಜಾಗರೂಕತೆಯಿಂದ ಅವಘಡ ಸಂಭವಿಸಿದೆ. ವಿದ್ಯಾರ್ಥಿಯು ಎಲ್ಲ ಎಚ್ಚರಿಕೆ ನೀಡಿದ್ದನು.' ಕೆಳಗೆ ಎರಡು ಸಹಿಗೆ ಜಾಗ ಬಿಟ್ಟಿದ್ದರು, ಒಂದು ಗುರುವಿನದು, ಒಂದು ವಿದ್ಯಾರ್ಥಿಯದು. ಇಂದುಧರ ಸಹಿ ಹಾಕಿದರೆ ತೊಂಬತ್ತಾರು ಹಾಗೇ ನಿಲ್ಲುತ್ತದೆ. ಹಾಕದಿದ್ದರೆ ಪ್ರಾಜೆಕ್ಟು ರದ್ದು, ವಿಚಾರಣೆ, ಪದವಿ ಬರುವುದೇ ಅನುಮಾನ.

ಅವನು ಪತ್ರ ಹಿಡಿದು ವರ್ಕ್‌ಶಾಪಿಗೆ ಬಂದ. ಗುರುವಿನ ಸಹಿ ಆಗಲೇ ಬಿದ್ದಿತ್ತು.

"ನಾನೂ ಹಾಕ್ಲೇನ್ರಿ ಸರ್?"

"ಅದರಾಗ ಬರದದ್ದು ಖರೇ ಏನು?"

"ಸುಳ್ಳಂತೂ ಅಲ್ರಿ. ಬೆಲ್ಟಿನ ಕಡೆ ಕೈ ಒಯ್ಯಬ್ಯಾಡ ಅಂತ ನಾ ಹೇಳಿದ್ದೆ. ಎರಡು ಸಲ ಹೇಳಿದ್ದೆ."

"ಆಕಿ ಒಯ್ದಳೇನು?"

"ಒಯ್ದಿಲ್ಲ ಅಂದ್ರ ಕೈಯಾನ ಬಳಿ ಹೆಂಗ ಸಿಗತಿತ್ರಿ?"

ಕೊಟ್ರಯ್ಯ ಎದ್ದರು. ಮೂಲೆಯಲ್ಲಿದ್ದ ಯಂತ್ರವನ್ನು ಎತ್ತಿ ತಂದು ನೆಲದ ಮೇಲಿಟ್ಟರು. ಹಸಿರು ಬಳೆಯ ಚೂರೊಂದು ಇನ್ನೂ ಬೆಲ್ಟಿನ ಸಂದಿಯಲ್ಲೇ ಇತ್ತು. ವೈರು ಕಿತ್ತು ಪಕ್ಕಕ್ಕಿಟ್ಟರು. ಪರೀಕ್ಷೆಗೆಂದು ತಂದು ಚೀಲದಲ್ಲಿ ಉಳಿದಿದ್ದ ಶೇಂಗಾವನ್ನು ಯಂತ್ರದ ಬಲಕ್ಕೆ ರಾಶಿ ಸುರಿದರು.

"ಕಾಯಿ ಹಾಕು."

ಇಂದುಧರ ನಿಂತಲ್ಲಿಂದಲೇ ಬಗ್ಗಿ ಎರಡು ಬೊಗಸೆ ಹಾಕಿದ.

"ಹುಲಿಗೆಮ್ಮ ಹಿಂಗ ಹಾಕತಾಳೇನು?"

"ಇಲ್ರಿ. ರಾಶಿ ಬಲಕ್ಕ ಇಟ್ಕೊಂಡು, ಕುಂತು ಹಾಕತಾಳ್ರಿ."

"ಒಂದು ತಿಂಗಳು ನೋಡಿ ಬಂದೀಯಲ್ಲ. ಆಕಿ ಹಂಗ ಕುಂದ್ರು."

ಇಂದುಧರ ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ನೆಲದ ಮೇಲೆ ಕೂತ. ರಾಶಿಯಿಂದ ಒಂದು ಹಿಡಿ ಎತ್ತಿ ಯಂತ್ರದ ಬಾಯಿಗೆ ಒಯ್ದ. ಮುಂಗೈ ಬೆಲ್ಟಿಗೆ ತಾಗಿತು. ಗಕ್ಕನೆ ಕೈ ಎಳೆದುಕೊಂಡ.

"ಇನ್ನೊಮ್ಮೆ. ತಾಗದಂಗ ಹಾಕು."

ಅವನು ಮೈ ವಾಲಿಸಿ ನೋಡಿದ. ಕೈ ಮೇಲೆತ್ತಿ ನೋಡಿದ. ಹಿಂದೆ ಸರಿದು ಕೂತು ನೋಡಿದ. ಪ್ರತಿ ಸಲವೂ ಕೈ ಆ ಬೆಲ್ಟನ್ನು ದಾಟಿಯೇ ಹೋಗಬೇಕಿತ್ತು.

"ಆಗೂದಿಲ್ರಿ ಸರ್."

"ಎರಡು ಸಲ ಹೇಳಿದ್ದಿಯಲ್ಲ ಆಕಿಗೆ. ಒಂದು ಸಲ ಕುಂತು ನೋಡಿದ್ರ ಸಾಕಾಗಿತ್ತು."

ಇಂದುಧರ ತಲೆ ತಗ್ಗಿಸಿದ. ದಿನಕ್ಕೆ ಸಾವಿರ ಸಲ ಅವಳು ಹೀಗೆ ಕೈ ಚಾಚಿರಬೇಕು. ಒಂಬತ್ತು ದಿನ ಬೆರಳು ಉಳಿದದ್ದೇ ಹೆಚ್ಚು ಎನಿಸಿ ಅವನಿಗೆ ಅಳು ಬಂತು.

"ನಿನ್ನೆ ದವಾಖಾನಿಗೆ ಹೋಗಿದ್ದೆ ಸರ್. 'ನಿನ್ನ ಮಷಿನ್ ಕೆಟ್ಟಿಲ್ಲಲ್ಲೋ ಯಪ್ಪಾ? ನಂದ ತಪ್ಪು, ನನಗ ಬಳಸಾಕ ಬರ್ಲಿಲ್ಲ' ಅಂದ್ಲ್ರಿ."

"ನೀ ಏನಂದಿ?"

"ಏನೂ ಅನ್ಲಿಲ್ರಿ."

ಕೊಟ್ರಯ್ಯನವರೂ ಅವನ ಎದುರು ನೆಲದ ಮೇಲೆ ಕೂತರು. ಇಂದುಧರ ಪತ್ರವನ್ನು ಇಬ್ಬರ ನಡುವೆ ನೆಲದ ಮೇಲಿಟ್ಟ.

"ನಾ ಸಹಿ ಹಾಕೂದಿಲ್ರಿ."

"ಪದವಿ ಹೋದೀತು."

"ಹೋಗ್ಲಿ ಬಿಡ್ರಿ" ಎಂದ. ನಾಲ್ಕು ವರ್ಷ ಓದಿದವನಿಗೆ ಅದು ಹಗುರಾದ ಮಾತಲ್ಲ.

ಆಮೇಲೆ ಅವನು ಗುರುವಿನ ಸಹಿಯ ಮೇಲೆ ಬೆರಳಿಟ್ಟ. ಅಲ್ಲಿಯವರೆಗೆ ಕೇಳಲು ಧೈರ್ಯವಾಗಿರಲಿಲ್ಲ.

"ನೀವ್ಯಾಕ ಹಾಕಿದ್ರಿ ಸರ್?"

"ಹೆದರಿದೆ. ಕವಚ ತೆಗಿ ಅಂತ ಅವತ್ತು ತಲಿ ಆಡಿಸಿದಾವ ನಾನ. ಅದು ಹೊರಗ ಬಂದೀತು ಅಂತ ಹೆದರಿದೆ."

ಇಂದುಧರನಿಗೆ ಆ ಮುಖ ನೋಡಲಾಗಲಿಲ್ಲ. ಪತ್ರವನ್ನು ಎರಡೂ ಕೈಯಲ್ಲಿ ಹಿಡಿದ.

"ಹರದು ಒಗದು ಬಿಡ್ಲೇನ್ರಿ ಇದನ್ನ?"

"ಬ್ಯಾಡ. ದವಾಖಾನಿಗೆ ಒಯ್ಯಿ. ಹುಲಿಗೆಮ್ಮಗ ಓದಾಕ ಬರೂದಿಲ್ಲ, ನೀನ ಓದಿ ಹೇಳು. ಇದು ಸುಳ್ಳು, ತಪ್ಪು ಆಕಿದಲ್ಲ, ನಮ್ಮದು ಅಂತ ಹೇಳು. ನನ್ನ ಹೆಸರು ಬಂದಾಗ ನಿಲ್ಲಿಸಬ್ಯಾಡ."