ತೊಟ್ಟಿಲ ಕೊಕ್ಕೆ

“ಗುರುಗಳೇ, ಅಟ್ಟದ ಏಣಿಯ ಮೆಟ್ಟಿಲು ಸಡಿಲವಾಗಿದೆ, ನೀನೇ ಸರಿಮಾಡು ಎಂದಿರಿ. ನನಗೆ ಒಂದು ಮೊಳೆ ಹೊಡೆದೂ ಗೊತ್ತಿಲ್ಲ. ಪಾಠಶಾಲೆಯ ಮಕ್ಕಳು ಹತ್ತಿ ಇಳಿಯುವ ಏಣಿ ಅದು. ಮುಟ್ಟಲೂ ಭಯವಾಗುತ್ತದೆ. ಈ ಭಯ ಹೋಗುವುದು ಯಾವಾಗ, ನಾನು ಕಲಿಯುವುದು ಯಾವಾಗ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು.

ಒಬ್ಬ ಉಪ್ಪಿನ ವರ್ತಕನಿದ್ದ. ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟ ಮೇಲೆ ಅವನಿಗೊಬ್ಬ ಮಗಳು ಹುಟ್ಟಿದಳು. ತೊಲೆಗೆ ಹೊಡೆದ ಕೊಕ್ಕೆಯಲ್ಲಿ ಅವಳ ತೊಟ್ಟಿಲು ತೂಗುತ್ತಿತ್ತು. ಒಂದು ಬೆಳಿಗ್ಗೆ ಮೇಲಿನಿಂದ ಮರದ ಪುಡಿ ಕೂಸಿನ ಹಣೆಯ ಮೇಲೆ ಉದುರಿತು. ವರ್ತಕ ತಲೆಯೆತ್ತಿ ನೋಡಿದರೆ ಕೊಕ್ಕೆ ತೂತಿನಲ್ಲಿ ಅಲ್ಲಾಡುತ್ತಿತ್ತು.

ಊರಿನ ಬಡಗಿ ದೂರ ಎಲ್ಲಿಗೋ ಕೆಲಸಕ್ಕೆ ಹೋಗಿದ್ದ. ನೆಲದಲ್ಲಿ ಮಲಗಿಸೋಣವೆಂದರೆ ಅದು ಚೇಳಿನ ಕಾಟದ ಮನೆ. ವರ್ತಕ ಅಂಗಡಿ ಮುಚ್ಚಿ, ತೊಟ್ಟಿಲ ಕೆಳಗೆ ಎರಡೂ ಕೈ ಚಾಚಿಕೊಂಡು ಕೂತ. ಕೊಕ್ಕೆ ಕಿರ್ ಎಂದರೆ ಬೆಚ್ಚುತ್ತಿದ್ದ. ಅನ್ನ ಸೇರಲಿಲ್ಲ. ಸುತ್ತಿಗೆ ಅಲ್ಲೇ ಮೂಲೆಯಲ್ಲಿತ್ತು. ತಕ್ಕಡಿ ಮಾತ್ರ ಹಿಡಿದು ಗೊತ್ತಿದ್ದವನು ಅದರ ಕಡೆ ನೋಡಲೂ ಹೆದರಿದ. ತಾನು ಕೈಹಾಕಿ ಏನಾದರೂ ಹೆಚ್ಚು ಕಡಿಮೆಯಾದರೆ? ಪಾಪ, ಕೂತು ಹೆದರುವುದರಲ್ಲಿ ಮಾತ್ರ ಅವನು ಚೆನ್ನಾಗಿ ಪಳಗಿದ.

ಕೊನೆಗೆ ಹೆಂಡತಿ ಕೂಸನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. “ಇವಳು ನನ್ನ ಹತ್ರ ಇರಲಿ. ತೊಟ್ಟಿಲಿಗೆ ಉಪ್ಪಿನ ಚೀಲ ಹಾಕಿ ಕೊಕ್ಕೆ ಹೊಡೀರಿ. ಬಿದ್ದರೆ ಉಪ್ಪು ತಾನೇ ಬೀಳೋದು?” ಎಂದಳು.

ವರ್ತಕ ಹೆದರುತ್ತಲೇ ಹಳೆಯ ತೂತಿಗೇ ಕೊಕ್ಕೆ ಬಡಿದ. ಅದು ಸಲೀಸಾಗಿ ಒಳಗೆ ಹೋಯಿತು. ತನಗೂ ಬಂತಲ್ಲ ಎಂದು ಖುಷಿಯಾಯಿತು. ಚೀಲ ಇಟ್ಟು ತೂಗಿದ, ತೊಟ್ಟಿಲು ಧೊಪ್ಪನೆ ಬಿತ್ತು. ಅದರಲ್ಲಿ ಮಗಳಿದ್ದಿದ್ದರೆ ಎಂದುಕೊಂಡವನು ಗೋಡೆ ಹಿಡಿದು ನಿಂತ. ಬಹಳ ಹೊತ್ತಿನ ಮೇಲೆ ಮತ್ತೆ ಸುತ್ತಿಗೆ ಎತ್ತಿ, ಹೊಸ ಜಾಗದಲ್ಲಿ ಬಡಿದ. ಮರ ಸೀಳಿತು. ಕೊಕ್ಕೆಗೆ ಮೊದಲು ದಾರಿ ಮಾಡಿಕೊಡಬೇಕು ಎಂಬುದು ಆಗ ಹೊಳೆಯಿತು. ನೆರೆಮನೆಯಿಂದ ಮರ ಕೊರೆಯುವ ಬೈರಿಗೆ ತಂದು, ಗಟ್ಟಿ ಮರ ಹುಡುಕಿ, ತೊಲೆಯ ಆಚೆ ಬದಿಗೆ ಹಾಯುವಂತೆ ಕೊರೆದ. ಕೊಕ್ಕೆ ತೂರಿಸಿ, ಆಚೆ ಬಂದ ತುದಿಯನ್ನು ಬಗ್ಗಿಸಿದ. ಚೀಲ ನಿಂತಿತು. ಅದರ ಮೇಲೆ ಇನ್ನೊಂದು ಚೀಲ ಹೇರಿದ, ನಿಂತಿತು. ಆಗ ಮಗಳನ್ನು ಮಲಗಿಸಿದ.

“ಅಲ್ಲಿಗೆ ಅವನ ಭಯ ಹೋಯಿತಲ್ಲವೇ?” ಎಂದ ಶಿಷ್ಯ.

“ಎಲ್ಲಿ ಹೋಯಿತು? ಮಗಳು ತೊಟ್ಟಿಲು ಬಿಡುವವರೆಗೂ, ಅವಳನ್ನು ಮಲಗಿಸುವ ಮೊದಲು ಕೊಕ್ಕೆಯನ್ನು ಜಗ್ಗಿ ನೋಡುತ್ತಿದ್ದ.”

ಶಿಷ್ಯ ಏಣಿಯ ಕಡೆ ನೋಡಿದ. ಗುರುಗಳೆಂದರು:

“ಭಯವೇ ಇಲ್ಲದವನು ಹೊಡೆದ ಕೊಕ್ಕೆಗೆ ಯಾವ ತಾಯಿ ತೊಟ್ಟಿಲು ಕಟ್ಟುತ್ತಾಳೆ?”